ಹಳೇ ಕಾರುಗಳ ಆನ್‌ಲೈನ್ ಹರಾಜು: ಯಾವ ಗಾಡಿ ಎಷ್ಟಕ್ಕೆ ಹೋಯಿತು ಅಂತ ನೀವು ಹೇಗೆ ಲೆಕ್ಕ ಇಡ್ತೀರಿ?

ಜಯನಗರದ ಹೆರಾಲ್ಡ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಹುಡುಕುತ್ತಿದ್ದೇನೆ, ಅಂದರೆ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನ ಮದ್ರಾಸಿನಲ್ಲಿ ತಯಾರಾದ ರೂಪ. 1960ರ ದಶಕದ್ದು ಬೇಕು. ಓಡುವ ಸ್ಥಿತಿಯಲ್ಲಿ ಇರಲೇಬೇಕು ಅಂತೇನಿಲ್ಲ, ಆದರೆ ಕಾಗದಪತ್ರ ಸರಿ ಇರಬೇಕು.

ಹುಡುಕುವ ಜಾಗಗಳು ಈಗ ಜಾಸ್ತಿ ಆಗಿವೆ. ಮುಂಬೈನ ಅಸ್ತಗುರು ಆನ್‌ಲೈನ್‌ನಲ್ಲಿ ಹಳೇ ಕಾರು ಹರಾಜು ಮಾಡುತ್ತದೆ. ಸರ್ಕಾರಿ ಹರಾಜು ಸಂಸ್ಥೆ ಎಂಎಸ್‌ಟಿಸಿ ಇದೆ, ಬ್ಯಾಂಕ್ ಹರಾಜುಗಳಿವೆ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗುಂಪುಗಳು ಬೇರೆ. ಬೆಲೆ ಅಂದಾಜು ಸಿಗಲಿ, ಪಾರ್ಟ್ಸ್ ಸಿಗಲಿ ಅಂತ ಬ್ರಿಟನ್ನಿನ ತಾಣಗಳಲ್ಲಿ ಟ್ರಯಂಫ್ ಹೆರಾಲ್ಡ್ ಕೂಡ ನೋಡುತ್ತೇನೆ.

ತೊಂದರೆ ಏನೆಂದರೆ, ಇಲ್ಲಿಯ ಜಾಹೀರಾತುಗಳು ಮಾರಾಟವಾದ ಮೇಲೆ ಮಾಯ ಆಗುತ್ತವೆ. ಎಷ್ಟಕ್ಕೆ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಒಂದೇ ಗಾಡಿ ಬೇರೆ ಬೇರೆ ಊರಿನ ಹೆಸರಲ್ಲಿ, ಬೇರೆ ಬೇರೆ ಬೆಲೆಗೆ ಮತ್ತೆ ಬರುತ್ತದೆ. ಹೊರದೇಶದ ಹರಾಜು ನಮ್ಮ ಮಧ್ಯರಾತ್ರಿ ಮುಗಿಯುತ್ತದೆ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ? ಶೀಟಾ, ಆ್ಯಪಾ, ನೋಟ್‌ಬುಕ್ಕಾ?

ಕಲಾಸಿಪಾಳ್ಯ

ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿಡಿ. ಗಾಡಿ ತಾನಾಗಿ ಹುಡುಕಿಕೊಂಡು ಬರುತ್ತೆ.

ಮಲ್ಲೇಶ್ವರಂ ಲೆಕ್ಕಿಗ

ಗಾಡಿ ಬರುತ್ತೆ ಸರ್, ಸರಿಯಾದ ಬೆಲೆ ಬರಲ್ಲ. ಹಿಂದೆ ಅದು ಎಷ್ಟಕ್ಕೆ ಮಾರಾಟಕ್ಕಿತ್ತು ಅಂತ ಗೊತ್ತಿದ್ದವನು ಮಾತ್ರ ಚೌಕಾಸಿ ಮಾಡಬಲ್ಲ.

ಹೆರಾಲ್ಡ್ ಅವರೇ, ಗೂಗಲ್ ಶೀಟ್ ಸಾಕು. ಆದರೆ ಒಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಜನ ಪ್ರತಿ ಜಾಹೀರಾತಿಗೂ ಒಂದೊಂದು ಸಾಲು ಬರೆಯುತ್ತಾ ಹೋಗುತ್ತಾರೆ. ಸ್ವಲ್ಪ ದಿನಕ್ಕೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಎರಡು ಹಾಳೆ ಮಾಡಿ. ಒಂದರಲ್ಲಿ ಗಾಡಿಗಳು, ಇನ್ನೊಂದರಲ್ಲಿ ಆ ಗಾಡಿ ಕಾಣಿಸಿಕೊಂಡ ಜಾಹೀರಾತು ಮತ್ತು ಹರಾಜುಗಳು. ಎರಡನ್ನೂ ಜೋಡಿಸುವುದು ಚಾಸಿಸ್ ನಂಬರ್. ಅದು ಕೊಟ್ಟಿಲ್ಲದಿದ್ದರೆ ರಿಜಿಸ್ಟ್ರೇಷನ್ ನಂಬರ್. ಅದನ್ನೂ ಮುಚ್ಚಿದ್ದರೆ ಗುರುತುಗಳು: ಮುರಿದ ಬ್ಯಾಡ್ಜ್, ಬದಲಾದ ಸ್ಟೀರಿಂಗ್, ಎಡ ಬಾಗಿಲಿನ ತಗ್ಗು, ಸೀಟಿನ ಬಣ್ಣ. ಹೀಗೆ ಮಾಡಿದರೆ ಒಂದೇ ಗಾಡಿ ಹೊಸೂರಿನಲ್ಲಿ ಒಂದು ಬೆಲೆಗೆ, ಆಮೇಲೆ ಹೆಬ್ಬಾಳದಲ್ಲಿ ಹೆಚ್ಚಿನ ಬೆಲೆಗೆ ಬಂದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆ. 17 ಅಕ್ಷರಗಳ ಚಾಸಿಸ್ ನಂಬರ್ ಅಮೆರಿಕದಲ್ಲಿ ಕಡ್ಡಾಯ ಆಗಿದ್ದು 1981ರ ಮಾದರಿಗಳಿಂದ. ಅದಕ್ಕೂ ಹಳೆಯ ಗಾಡಿಗಳಲ್ಲಿ ನಂಬರ್ ಚಿಕ್ಕದು, ಒಂದೊಂದು ಕಂಪನಿಯದು ಒಂದೊಂದು ತರಹ. ಹಿಂದೆ ಮುಂದೆ ಇರುವ ಅಕ್ಷರ ಬಿಡದೆ ಇದ್ದ ಹಾಗೇ ಬರೆಯಿರಿ. ಆ ಕಾಲಮ್ಮನ್ನು ಬರೀ ಪಠ್ಯ ಅಂತ ಫಾರ್ಮ್ಯಾಟ್ ಮಾಡಿ. ಇಲ್ಲದಿದ್ದರೆ ಶೀಟು ಮೊದಲಿನ ಸೊನ್ನೆಗಳನ್ನು ನುಂಗಿಬಿಡುತ್ತದೆ.

ಹರಾಜಿನ ಹಾಳೆಯಲ್ಲಿ ಮುಗಿದ ದಿನಾಂಕ, ತಾಣ, ರಿಸರ್ವ್ (ಮಾಲೀಕ ಒಪ್ಪುವ ಕನಿಷ್ಠ ಬೆಲೆ) ಇತ್ತೋ ಇಲ್ಲವೋ, ಕೊನೆಯ ಬಿಡ್, ಮಾರಾಟ ಆಯಿತೋ ಇಲ್ಲವೋ, ಕೊಳ್ಳುವವನ ಶುಲ್ಕ, ಇಷ್ಟು ಇರಲಿ. ವಿದೇಶಿ ಹಣಕ್ಕೆ ಗೂಗಲ್‌ಫೈನಾನ್ಸ್ ಫಾರ್ಮುಲಾ ಹಾಕಿದರೆ ಆ ದಿನದ ರೂಪಾಯಿ ದರ ಸಿಗುತ್ತದೆ. ಹಳೇ ಹರಾಜನ್ನು ಇವತ್ತಿನ ದರದಲ್ಲಿ ಗುಣಿಸಬೇಡಿ.

ಬನಶಂಕರಿ 2ನೇ ಹಂತ

ಇಷ್ಟೆಲ್ಲ ಬೇಕಾ? ಒಂದು ಗಾಡಿ ತಗೊಳ್ಳೋಕೆ ಆಫೀಸ್ ಕೆಲಸ ಮಾಡಿದ ಹಾಗಾಯ್ತು.

ಮಲ್ಲೇಶ್ವರಂ ಲೆಕ್ಕಿಗ

ಬೇಕು. ಹೆರಾಲ್ಡ್ ದಿನಾ ಮಾರಾಟಕ್ಕೆ ಬರುವ ಗಾಡಿ ಅಲ್ಲ. ವರ್ಷವಿಡೀ ನೋಡಿದರೂ ಕೈಬೆರಳೆಣಿಕೆಯಷ್ಟು ಸಿಗುತ್ತವೆ. ಬರೆಯುವುದು ಕಮ್ಮಿ, ಸಿಗುವ ಮಾಹಿತಿ ಜಾಸ್ತಿ. ಮಾರುತಿ 800 ಹುಡುಕುವವರಿಗೆ ನಾನು ಇದನ್ನು ಹೇಳಲ್ಲ.

ಹಳೇ ಏರ್‌ಪೋರ್ಟ್ ರಸ್ತೆ

ಮಾರುತಿ 800 ಹುಡುಕುವವರಿಗೂ ಹೇಳಿ ಸರ್. ಡಿಸೆಂಬರ್ 1983ರಲ್ಲಿ ಬಂದ ಎಸ್‌ಎಸ್80 ಆಕಾರದ್ದು ಬೇಕಾದರೆ ಹೆರಾಲ್ಡ್‌ನಷ್ಟೇ ಕಷ್ಟ. 1986ರಲ್ಲಿ ಆಕಾರ ಬದಲಾಯಿತು. ಮಾರುವವರು ಎಲ್ಲವನ್ನೂ 'ಮೊದಲ ಮಾಡೆಲ್' ಅಂತಲೇ ಹಾಕುತ್ತಾರೆ. ಸರ್ಚ್‌ನಲ್ಲಿ ವರ್ಷ ನಂಬಬೇಡಿ, ಫೋಟೋ ನೋಡಿ.

ರಾಜಾಜಿನಗರ ಫಿಯಟ್

ಲೆಕ್ಕಿಗರು 'ಮಾರಾಟ ಆಯಿತೋ ಇಲ್ಲವೋ' ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸಿದರು. ನನ್ನ ಪ್ರಕಾರ ಇಡೀ ವಿಷಯ ಅಲ್ಲೇ ಇದೆ. ರಿಸರ್ವ್ ಮುಟ್ಟದೆ ನಿಂತ ಹರಾಜಿನ ಕೊನೆಯ ಬಿಡ್ ಅನ್ನು ಜನ 'ಬೆಲೆ' ಅಂತ ಹೇಳಿಕೊಂಡು ತಿರುಗುತ್ತಾರೆ. ಹೆಣ್ಣು ನೋಡಿ ಬಂದ ಮಾತ್ರಕ್ಕೆ ಮದುವೆ ಆಯಿತು ಅನ್ನಲ್ಲ, ಅಲ್ವಾ? ಆ ಬಿಡ್ಡಿಗೆ ಮಾಲೀಕ ಕೊಡಲಿಲ್ಲ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಅದನ್ನು ಬೇರೆ ಬಣ್ಣದಲ್ಲಿ ಇಡಿ. ಸರಾಸರಿ ತೆಗೆಯುವಾಗ ಸೇರಿಸಬೇಡಿ.

ಇನ್ನೊಂದು, ಇಲ್ಲಿಯ ಜಾಹೀರಾತಿನಲ್ಲಿ ಇರುವುದು ಕೇಳುವ ಬೆಲೆ. ಹರಾಜಿನಲ್ಲಿ ಇರುವುದು ಕೊಟ್ಟ ಬೆಲೆ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದರೆ ಎಲ್ಲ ಕೆಟ್ಟಿತು.

ಇಂದಿರಾನಗರ ಡಬ್ಲ್ಯೂ123

ಕೊಟ್ಟ ಬೆಲೆ ಅನ್ನುವುದರಲ್ಲೂ ಎರಡು ಬಗೆ. ಸುತ್ತಿಗೆ ಬಿದ್ದ ಬೆಲೆ ಬೇರೆ, ಕೊಳ್ಳುವವನ ಜೇಬಿನಿಂದ ಹೋದದ್ದು ಬೇರೆ. ಅಮೆರಿಕದ ಆನ್‌ಲೈನ್ ಹರಾಜು ತಾಣ ಬ್ರಿಂಗ್ ಎ ಟ್ರೇಲರ್‌ನಲ್ಲಿ ಕೊಳ್ಳುವವನು 5% ಶುಲ್ಕ ಕೊಡಬೇಕು, ತಾಣ ತೋರಿಸುವುದು ಬಿಡ್ ಮೊತ್ತ ಮಾತ್ರ. ಹಳೇ ಸಾಂಪ್ರದಾಯಿಕ ಹರಾಜು ಮನೆಗಳು ಎಷ್ಟೋ ಸಲ ಪ್ರೀಮಿಯಂ, ಅಂದರೆ ಆ ಶುಲ್ಕ, ಸೇರಿಸಿಯೇ ಫಲಿತಾಂಶ ಪ್ರಕಟಿಸುತ್ತವೆ. ಹೋಲಿಸುವ ಮುಂಚೆ ಯಾವುದು ಯಾವುದು ಅಂತ ನೋಡಿ.

ಕ್ಲಾಸಿಕ್.ಕಾಮ್ ನೋಡಿದ್ದೀರಾ? ಬೇರೆ ಬೇರೆ ಹರಾಜುಗಳ ಫಲಿತಾಂಶವನ್ನು ಮಾದರಿವಾರು ಒಟ್ಟಿಗೆ ಇಡುತ್ತದೆ. ನನ್ನ ಮರ್ಸಿಡಿಸ್ ಬಗ್ಗೆ ಅಲ್ಲಿ ಬೇಕಾದಷ್ಟು ಸಿಕ್ಕಿತು.

ಬಸವನಗುಡಿ ಗ್ಯಾರೇಜ್

ಹೊರದೇಶದ ಬೆಲೆ ನೋಡಿ ಇಲ್ಲಿ ಗಾಡಿ ತಗೊಳ್ಳುವುದು ಶುದ್ಧ ತಪ್ಪು. ಹೆರಾಲ್ಡ್ ಅವರಿಗೇ ಹೇಳುತ್ತಿದ್ದೇನೆ. ಅಲ್ಲಿ ಟ್ರಯಂಫ್ ಮಾಡಿದ್ದು ಎರಡು ಬಾಗಿಲಿನ ಸಲೂನ್, ಕೂಪೆ, ಕನ್ವರ್ಟಿಬಲ್, ಎಸ್ಟೇಟ್. ನಾಲ್ಕು ಬಾಗಿಲಿನ ಮಾರ್ಕ್ 3 ನಮ್ಮ ಮದ್ರಾಸಿನದು ಮಾತ್ರ. ಅದಕ್ಕೆ ಲಂಡನ್ನಿನಲ್ಲಿ ಬೆಲೆ ಹುಡುಕಿದರೆ ಏನು ಸಿಗುತ್ತೆ? ಅಲ್ಲಿ ಕನ್ವರ್ಟಿಬಲ್‌ಗೆ ಬೇಡಿಕೆ. ಇಲ್ಲಿ ಮನೆಯವರೆಲ್ಲ ಕೂರಬಹುದಾದ ಗಾಡಿಗೂ ಬೇಡಿಕೆ ಇದೆ.

ಜಯನಗರದ ಹೆರಾಲ್ಡ್

ಗ್ಯಾರೇಜ್ ಅವರೇ, ಬೆಲೆಯ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಅಲ್ಲಿಯ ಹರಾಜು ಪುಟಗಳನ್ನು ನಾನು ಓದುವುದು ಇನ್ನೊಂದು ಕಾರಣಕ್ಕೆ. ಒಂದೊಂದು ಗಾಡಿಗೆ ನೂರಾರು ಫೋಟೋ ಹಾಕುತ್ತಾರೆ. ಅಡಿಯಿಂದ ತೆಗೆದದ್ದೂ ಇರುತ್ತದೆ. ಹೆರಾಲ್ಡ್‌ಗೆ ಬೇರೆಯೇ ಚಾಸಿಸ್ ಇದೆ, ಅದರ ಔಟ್‌ರಿಗರ್‌ಗಳು (ಪಕ್ಕಕ್ಕೆ ಚಾಚಿದ ತೋಳುಗಳು) ಎಲ್ಲಿ ತುಕ್ಕು ಹಿಡಿಯುತ್ತವೆ, ಬಾಡಿ ತುಂಡುಗಳ ಜೋಡಣೆ ಎಲ್ಲಿ ಸಡಿಲವಾಗುತ್ತದೆ, ಇದೆಲ್ಲ ಆ ಫೋಟೋಗಳಿಂದಲೇ ಕಲಿತದ್ದು. ಕೆಳಗಿನ ಕಾಮೆಂಟ್‌ಗಳಲ್ಲಿ ಹಳೇ ಮಾಲೀಕರೇ ಬಂದು ಪ್ರಶ್ನೆ ಕೇಳುತ್ತಾರೆ. ಅಷ್ಟು ಪಾಠ ನಮ್ಮಲ್ಲಿ ಎಲ್ಲಿ ಸಿಗುತ್ತದೆ? ನಮ್ಮ ಜಾಹೀರಾತಿನಲ್ಲಿ ನಾಲ್ಕು ಫೋಟೋ, ಅದರಲ್ಲಿ ಎರಡು ಮಸುಕು.

ಬಸವನಗುಡಿ ಗ್ಯಾರೇಜ್

ಆ ಲೆಕ್ಕದಲ್ಲಿ ಸರಿ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದಲ್ಲ, ಅದರ ಕೀಲುಗಳ ಹತ್ತಿರ ಕೂಡ ನೋಡಿ. ಬಾಗಿಲಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು ಇದ್ದರೆ ಚಾಸಿಸ್ ಮಣಿದಿದೆ ಅಂತ ಲೆಕ್ಕ. ಅದು ಮಸುಕಾದ ಫೋಟೋದಲ್ಲೂ ಕಾಣುತ್ತೆ.

ರಾತ್ರಿಪಾಳಿ ವೈಟ್‌ಫೀಲ್ಡ್

ಸಮಯದ ಬಗ್ಗೆ ಯಾರೂ ಹೇಳಲಿಲ್ಲ. ಲಂಡನ್ನಿನ ರಾತ್ರಿ 8 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ 12.30, ಚಳಿಗಾಲದಲ್ಲಿ 1.30. ಅವರು ಗಡಿಯಾರ ಬದಲಿಸುವುದು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಅಮೆರಿಕದವರು ಬದಲಿಸುವುದು ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಮಧ್ಯದ ಆ ವಾರಗಳಲ್ಲಿ ಎಲ್ಲರ ಲೆಕ್ಕವೂ ತಪ್ಪುತ್ತೆ. ಅದಕ್ಕೇ ಗೂಗಲ್ ಕ್ಯಾಲೆಂಡರ್‌ನಲ್ಲಿ ಹಾಕುವಾಗ ಅವರ ಊರಿನ ಸಮಯವಲಯವನ್ನೇ ಆರಿಸಿ. ನಿಮ್ಮ ಫೋನ್ ತಾನೇ ಪರಿವರ್ತಿಸಿಕೊಳ್ಳುತ್ತದೆ.

ಮುಗಿಯುವ ರೀತಿಯೂ ತಾಣಕ್ಕೊಂದು ತರಹ. ಈಬೇನಲ್ಲಿ ಸಮಯ ಆದ ತಕ್ಷಣ ಮುಗಿಯಿತು. ಕೊನೇ ಸೆಕೆಂಡಿನಲ್ಲಿ ಬಿಡ್ ಹಾಕಿ ಗೆಲ್ಲುವವರು ಅಲ್ಲಿ ಜಾಸ್ತಿ. ಬ್ರಿಂಗ್ ಎ ಟ್ರೇಲರ್‌ನಲ್ಲಿ ಕೊನೆಯ 2 ನಿಮಿಷದಲ್ಲಿ ಬಿಡ್ ಬಂದರೆ ಗಡಿಯಾರ ಮತ್ತೆ 2 ನಿಮಿಷಕ್ಕೆ ಹೋಗುತ್ತದೆ. ಪೈಪೋಟಿ ಇದ್ದರೆ ಎಳೆಯುತ್ತಾ ಹೋಗುತ್ತದೆ. ಬರೀ ಬೆಲೆ ತಿಳಿಯಬೇಕಾದರೆ ನಿದ್ದೆ ಕೆಡಬೇಡಿ, ತಾಣದ 'ವಾಚ್' ಗುಂಡಿ ಒತ್ತಿ ಮಲಗಿ, ಬೆಳಿಗ್ಗೆ ಇಮೇಲ್ ನೋಡಿ.

ಬನಶಂಕರಿ 2ನೇ ಹಂತ

ಈಬೇನಲ್ಲಿ ಗರಿಷ್ಠ ಮೊತ್ತ ಮೊದಲೇ ಹಾಕಿ ಮಲಗಬಹುದು. ಬೇಕಾದಷ್ಟು ಮಾತ್ರ ಅದೇ ಏರಿಸಿಕೊಂಡು ಹೋಗುತ್ತೆ. ನಾನು ಫಿಯಟ್ ಮೀಟರ್ ತಗೊಂಡಿದ್ದು ಹಾಗೆ.

ಕೋಡ್ ಬರೆಯುವವ, ಎಚ್‌ಎಸ್‌ಆರ್

ನಾನು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಎಲ್ಲ ತಾಣಗಳಿಂದ ಎಳೆದು ಟೆಲಿಗ್ರಾಂಗೆ ಕಳಿಸುವ ಹಾಗೆ ಮಾಡಬಹುದು. ಆಸಕ್ತಿ ಇರುವವರು ಹೇಳಿ.

ಇಂದಿರಾನಗರ ಡಬ್ಲ್ಯೂ123

ನಿಯಮ ಓದಿ ಮಾಡಿ. ಬಹಳ ತಾಣಗಳು ತಮ್ಮ ಪುಟಗಳನ್ನು ಯಂತ್ರದಿಂದ ಎಳೆಯುವುದನ್ನು ಒಪ್ಪುವುದಿಲ್ಲ. ಖಾತೆ ಮುಚ್ಚಿಬಿಟ್ಟರೆ ಬೇಕಾದ ದಿನ ಬಿಡ್ ಹಾಕಲೂ ಆಗಲ್ಲ. ತಾಣಗಳೇ ಕೊಡುವ ಸೇವ್ಡ್ ಸರ್ಚ್ ಮತ್ತು ಇಮೇಲ್ ಅಲರ್ಟ್ ಬಳಸಿ. ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿದರೆ ಎಲ್ಲ ಒಂದೇ ಲೇಬಲ್‌ಗೆ ಬೀಳುತ್ತವೆ. ಹೊಸ ಪುಟಗಳ ಪಟ್ಟಿ ತಾನಾಗಿ ಕೊಡುವ ಆರ್‌ಎಸ್‌ಎಸ್ ಫೀಡ್ ಇರುವ ಕಡೆ ಅದನ್ನು ಗೂಗಲ್ ಶೀಟಿಗೇ ತರಬಹುದು, ಇಂಪೋರ್ಟ್‌ಫೀಡ್ ಅಂತ ಫಾರ್ಮುಲಾ ಇದೆ.

ಹುಡುಕುವ ಪದ ಒಂದೇ ಹಾಕಬೇಡಿ. ಹೆರಾಲ್ಡ್ ಅನ್ನು ಇಂಗ್ಲಿಷಿನಲ್ಲಿ ತಪ್ಪು ಕಾಗುಣಿತದಲ್ಲಿ ಬರೆಯುವವರು ಬಹಳ. 'ಸ್ಟ್ಯಾಂಡರ್ಡ್ ಕಾರ್', 'ವಿಂಟೇಜ್ ಕಾರ್', 'ಹಳೇ ಕಾರ್' ಅಂತ ಮಾತ್ರ ಹಾಕುವವರೂ ಇದ್ದಾರೆ. ಅಗ್ಗದ ಗಾಡಿ ಸಿಗುವುದು ಅಂಥ ಜಾಹೀರಾತಿನಲ್ಲೇ. ಯಾಕೆಂದರೆ ಬೇರೆಯವರ ಅಲರ್ಟ್‌ಗೆ ಅದು ಸಿಕ್ಕಿರುವುದಿಲ್ಲ.

ಕೋಡ್ ಬರೆಯುವವ, ಎಚ್‌ಎಸ್‌ಆರ್

ಒಪ್ಪಿದೆ. ಹಾಗಾದರೆ ಅಲರ್ಟ್ ಇಮೇಲ್‌ಗಳನ್ನು ಓದಿ ಶೀಟಿಗೆ ಸಾಲು ಸೇರಿಸುವ ಆ್ಯಪ್ಸ್ ಸ್ಕ್ರಿಪ್ಟ್ ಬರೆಯುತ್ತೇನೆ. ಇಮೇಲ್ ನಮ್ಮದೇ ತಾನೆ.

ಮಲ್ಲೇಶ್ವರಂ ಲೆಕ್ಕಿಗ

ಅದು ಒಳ್ಳೆಯ ಕೆಲಸ. ಬರೆದರೆ ಇಲ್ಲಿ ಹಾಕಿ.

ಕಲಾಸಿಪಾಳ್ಯ

ನೀವೆಲ್ಲ ಕಂಪ್ಯೂಟರ್ ಮಾತಾಡ್ತಾ ಇದ್ದೀರಿ, ಕಾಗದದ ಮಾತು ಯಾರೂ ಆಡಲಿಲ್ಲ. ಶೀಟಿನಲ್ಲಿ ಮೊದಲ ಕಾಲಮ್ ಆರ್‌ಸಿ ಇರಬೇಕು. ಎಂವೈ, ಎಂಇ, ಸಿಎ ಅಂತ ಶುರುವಾಗುವ ನಂಬರ್‌ಗಳು 1989ಕ್ಕೆ ಮುಂಚಿನವು, ಕೆಎ ಬರುವ ಮೊದಲಿನವು. ಅವುಗಳಲ್ಲಿ ಎಷ್ಟೋ ಸರ್ಕಾರದ ವಾಹನ ನೋಂದಣಿ ತಾಣ 'ವಾಹನ್'ನಲ್ಲಿ ಕಾಣುವುದೇ ಇಲ್ಲ. ಹಳೇ ರಿಜಿಸ್ಟರ್‌ನಿಂದ ಕಂಪ್ಯೂಟರ್‌ಗೆ ಏರಿಸಬೇಕು. ಆ ಕೆಲಸ ಆಗದೆ ಹೆಸರು ಬದಲಾಗಲ್ಲ. 'ಆರ್‌ಸಿ ಇದೆ' ಅನ್ನುವುದಕ್ಕೂ 'ಆರ್‌ಸಿ ಆನ್‌ಲೈನ್ ಇದೆ' ಅನ್ನುವುದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮೊದಲು ಆಗಬೇಕು. ಹೊರರಾಜ್ಯದ್ದಾದರೆ ಎನ್‌ಒಸಿ, ಅಂದರೆ ಫಾರಂ 28. ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಲೆಕ್ಕ. ಸಾಲ ಇದ್ದಿದ್ದರೆ ಅದು ತೀರಿದೆ ಅನ್ನುವ ಫಾರಂ 35. 1970ರಲ್ಲಿ ತೀರಿಸಿದ ಸಾಲ ಆರ್‌ಸಿಯಲ್ಲಿ ಇನ್ನೂ ಹಾಗೇ ಕೂತಿರುತ್ತೆ, ಆ ಬ್ಯಾಂಕೇ ಬೇರೆ ಬ್ಯಾಂಕಿನಲ್ಲಿ ಸೇರಿ ಹೋಗಿರುತ್ತೆ.

ರಾಜಾಜಿನಗರ ಫಿಯಟ್

15 ವರ್ಷ ಆದಮೇಲೆ ಪ್ರತಿ 5 ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿಗೆ 600 ಇದ್ದ ಶುಲ್ಕ 5,000 ಆಗಿತ್ತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಮತ್ತೆ ಏರಿತು. ನವೀಕರಣ ಬಿಟ್ಟುಹೋದ ಗಾಡಿ ಅಂದರೆ ದಂಡದ ಲೆಕ್ಕವೂ ನಿಮ್ಮ ಶೀಟಿಗೆ ಸೇರಬೇಕು.

ಹಳೇ ಏರ್‌ಪೋರ್ಟ್ ರಸ್ತೆ

50 ವರ್ಷ ದಾಟಿದ್ದಕ್ಕೆ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಬಹುದಲ್ಲ? ಎಲ್ಲದಕ್ಕೂ ವಿಎ ನಂಬರ್ ಕೊಡ್ತಾರೆ.

ಕಲಾಸಿಪಾಳ್ಯ

ಎಲ್ಲದಕ್ಕೂ ಅಲ್ಲ. 2021ರ ನಿಯಮದ ಪ್ರಕಾರ ಈಗಾಗಲೇ ರಿಜಿಸ್ಟರ್ ಆಗಿರುವ ಗಾಡಿ ತನ್ನ ಹಳೇ ನಂಬರ್ ಉಳಿಸಿಕೊಳ್ಳಬಹುದು. ವಿಎ ಸಾಲು ಹೊಸದಾಗಿ ರಿಜಿಸ್ಟರ್ ಆಗುವುದಕ್ಕೆ. ಶುಲ್ಕ 20,000, 10 ವರ್ಷಕ್ಕೆ. ಮರುನೋಂದಣಿಗೆ 5,000. ಮುಖ್ಯ ವಿಷಯ ಏನೆಂದರೆ ಅದನ್ನು ದಿನಾ ಓಡಿಸುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್, ಅಷ್ಟೆ. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವ ಆಸೆ ಇರುವವರು ಯೋಚಿಸಿ ಮಾಡಿ.

ಹಳೇ ಏರ್‌ಪೋರ್ಟ್ ರಸ್ತೆ

ಹೌದಾ, ಗೊತ್ತಿರಲಿಲ್ಲ. ಧನ್ಯವಾದ.

ಶಿವಾಜಿನಗರ ಸ್ಪೇರ್

ಎಂಎಸ್‌ಟಿಸಿ ಮತ್ತು ಬ್ಯಾಂಕ್ ಹರಾಜಿನ ಬಗ್ಗೆ ಒಂದು ಮಾತು. ಅಲ್ಲಿ ಎಲ್ಲವೂ 'ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ'. ಮೊದಲು ಠೇವಣಿ ಕಟ್ಟಬೇಕು. ಗೆದ್ದು ಹಣ ಕಟ್ಟದಿದ್ದರೆ ಅದು ಹೋಯಿತು. ಪಟ್ಟಿಯಲ್ಲಿ ಫೋಟೋ ಸರಿ ಇರಲ್ಲ, ಒಂದು ಲಾಟಿನಲ್ಲಿ ಅಂಬಾಸಿಡರ್ ಜೊತೆ ಮುರಿದ ಜೀಪೂ ಇರುತ್ತೆ. ನೋಡಲು ಕೊಟ್ಟ ದಿನ ಹೋಗಿ ನೋಡಿಯೇ ಬರಬೇಕು. ಸ್ಕ್ರ್ಯಾಪ್ ಅಂತ ಮಾರಿದ ಗಾಡಿಯನ್ನು ಮತ್ತೆ ರಸ್ತೆಗೆ ತರಲು ಆಗಲ್ಲ. ಲಾಟಿನ ಷರತ್ತು ಪೂರ್ತಿ ಓದಿ.

ಬನಶಂಕರಿ 2ನೇ ಹಂತ

ಅಂಬಾಸಿಡರ್ ಬಂತಲ್ಲ, ಕೇಳಿಬಿಡ್ತೀನಿ. ಅಂಬಿನೋ ಪದ್ಮಿನಿಯೋ? ಇವತ್ತು ತಗೊಳ್ಳೋಕೆ ಯಾವುದು ಒಳ್ಳೇದು?

ರಾಜಾಜಿನಗರ ಫಿಯಟ್

ಪದ್ಮಿನಿ. ಗೇರ್ ಸ್ಟೀರಿಂಗ್ ಪಕ್ಕ, ಓಡಿಸುವ ಸುಖವೇ ಬೇರೆ.

ಬಸವನಗುಡಿ ಗ್ಯಾರೇಜ್

ಅಂಬಾಸಿಡರ್. 2014ರ ತನಕ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು, ಪಾರ್ಟ್ಸ್ ಜೆಸಿ ರಸ್ತೆಯಲ್ಲಿ ಈಗಲೂ ಸಿಗುತ್ತವೆ. ಸ್ಟೀರಿಂಗ್ ಪಕ್ಕದ ಗೇರ್ ಹಳೇ ಅಂಬಾಸಿಡರ್‌ನಲ್ಲೂ ಇತ್ತು ಸ್ವಾಮಿ.

ಶಿವಾಜಿನಗರ ಸ್ಪೇರ್

ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಮುಗಿಯಲ್ಲ.

ಕೆಂಗೇರಿ ಕಾಂಟೆಸ್ಸಾ

ಮೋಸದ ಬಗ್ಗೆ ಹೇಳಲೇಬೇಕು. ನನ್ನ ಸ್ನೇಹಿತರೊಬ್ಬರು ಕಾಂಟೆಸ್ಸಾಗೆ ಟೋಕನ್ ಹಣ ಕಳಿಸಿದರು. ಗಾಡಿಯೇ ಇರಲಿಲ್ಲ. ಫೋಟೋ ಬೇರೆ ರಾಜ್ಯದ ಹಳೇ ಜಾಹೀರಾತಿನದು. ಈಗ ನಾನು ಯಾವ ಫೋಟೋ ಬಂದರೂ ಗೂಗಲ್ ಲೆನ್ಸ್‌ಗೆ ಹಾಕುತ್ತೇನೆ. ಹಳೇ ಜಾಹೀರಾತು ಎದ್ದು ಬರುತ್ತದೆ. ಆಮೇಲೆ ಮಾರುವವರಿಗೆ ವಿಡಿಯೋ ಕಾಲ್‌ನಲ್ಲಿ ಚಾಸಿಸ್ ಪ್ಲೇಟ್ ತೋರಿಸಿ ಅಂತ ಕೇಳುತ್ತೇನೆ. ತೋರಿಸದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಪಾರ್ಸೆಲ್ ಮಾಡ್ತೀನಿ ಅನ್ನುವ ಕಥೆ ಬಂದರೆ ಉತ್ತರವೇ ಕೊಡಬೇಡಿ.

ಇದಕ್ಕೇ ಹೇಳುವುದು, ಜಾಹೀರಾತು ಕಂಡ ದಿನವೇ ಫೋಟೋ ಎಲ್ಲ ಇಳಿಸಿಕೊಂಡು ಪುಟವನ್ನು ಪಿಡಿಎಫ್ ಮಾಡಿ ಇಡಿ. ಲಿಂಕ್ ಮಾತ್ರ ಇಟ್ಟುಕೊಂಡರೆ ಮಾರಾಟದ ಮರುದಿನ ಏನೂ ಉಳಿಯಲ್ಲ. ಎಲ್ಲರೂ ನೋಡಬಹುದಾದ ಪುಟವಾದರೆ ಹಳೇ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷೀನ್ ತಾಣದಲ್ಲಿ ಉಳಿಸಬಹುದು. ಫೇಸ್‌ಬುಕ್ ಪುಟ ಅಲ್ಲಿ ನಿಲ್ಲಲ್ಲ, ಅದಕ್ಕೆ ಸ್ಕ್ರೀನ್‌ಶಾಟೇ ಗತಿ.

ಜಯನಗರದ ಹೆರಾಲ್ಡ್

ಬಹಳ ಉಪಯೋಗ ಆಯಿತು. ಲೆಕ್ಕಿಗರು ಹೇಳಿದ ಹಾಗೆ ಎರಡು ಹಾಳೆ ಮಾಡಿದೆ. ನನ್ನ ಫೋನಿನಲ್ಲಿದ್ದ ಸ್ಕ್ರೀನ್‌ಶಾಟ್‌ಗಳನ್ನು ಗುರುತು ನೋಡಿ ಜೋಡಿಸಿದಾಗ ಒಂದು ಬಿಳಿ ಮಾರ್ಕ್ 2 ಮೈಸೂರಿನಲ್ಲಿ, ಆಮೇಲೆ ಕೊಯಮತ್ತೂರಿನಲ್ಲಿ, ಈಗ ಯಲಹಂಕದಲ್ಲಿ ಕಾಣಿಸಿಕೊಂಡಿದೆ ಅಂತ ತಿಳಿಯಿತು. ಪ್ರತಿ ಸಲವೂ ಬೆಲೆ ಏರಿದೆ. ಗಾಡಿಯಲ್ಲಿ ಆದ ಬದಲಾವಣೆ ಅಂದರೆ ಹೊಸ ವೀಲ್ ಕ್ಯಾಪ್ ಮಾತ್ರ. ಕಾಗದದ ಕಾಲಮ್ ಕೂಡ ಸೇರಿಸಿದೆ, ಮೊದಲನೆಯದಾಗಿ.

ಒಂದು ಆಸೆ ಇದೆ. ಈ ಶೀಟನ್ನು ನಾವೆಲ್ಲ ಸೇರಿ ತುಂಬಿಸಿದರೆ ಹೇಗೆ? ದಕ್ಷಿಣ ಭಾರತದ ಹೆರಾಲ್ಡ್, ಅದೇ ಸ್ಟ್ಯಾಂಡರ್ಡ್ ಕಂಪನಿಯ ಗೆಜೆಲ್, ಹಳೇ ಫಿಯಟ್‌ಗಳು ಮಾತ್ರ. ನಿಜವಾಗಿ ಯಾರು ಎಷ್ಟಕ್ಕೆ ಕೊಂಡರು ಅನ್ನುವುದು ಎಲ್ಲೂ ಬರೆದಿಲ್ಲದ ಕಾರಣಕ್ಕೇ ದಲ್ಲಾಳಿ ಹೇಳಿದ್ದೇ ಬೆಲೆ ಆಗಿದೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವ ಹುಡುಗರು ಬೆಲೆ ಕೇಳಿಯೇ ಹಿಂದಕ್ಕೆ ಹೋಗುತ್ತಿದ್ದಾರೆ.

ಕಲಾಸಿಪಾಳ್ಯ

ನಾನು ಬರೆಯಲ್ಲ. ತಗೊಂಡ ಬೆಲೆ ಹೇಳೋದು ಮನೆ ಲೆಕ್ಕ ಹೊರಗಿಟ್ಟ ಹಾಗೆ.

ರಾಜಾಜಿನಗರ ಫಿಯಟ್

ಹೆಸರಿಲ್ಲದೆ, ಮನೆ ವಿಳಾಸ ಇಲ್ಲದೆ, ನಂಬರ್ ಪ್ಲೇಟ್ ಮುಚ್ಚಿ ಬರೆದರೆ ಯಾರಿಗೆ ಏನು ನಷ್ಟ? ವರ್ಷ, ಮಾದರಿ, ಸ್ಥಿತಿ, ಕಾಗದ, ಬೆಲೆ. ನಾನು ಬರೆಯುತ್ತೇನೆ. ಚಾಸಿಸ್ ನಂಬರ್ ಬಹಿರಂಗವಾಗಿ ಬೇಡ, ಕಾಗದ ನಕಲು ಮಾಡುವವರಿಗೆ ಅದು ಅನುಕೂಲ. ಕೊನೆಯ ಮೂರು ಅಂಕಿ ಸಾಕು.

ಮಲ್ಲೇಶ್ವರಂ ಲೆಕ್ಕಿಗ

ಮೂರು ಅಂಕಿ ಮತ್ತು ವರ್ಷ ಸೇರಿದರೆ ಗುರುತಿಗೆ ಸಾಕು. ನಾನೂ ಸೇರುತ್ತೇನೆ. ಆದರೆ ಸ್ಥಿತಿಯನ್ನು 'ಚೆನ್ನಾಗಿದೆ' ಅಂತ ಬರೆಯಬೇಡಿ. ತುಕ್ಕು, ಎಂಜಿನ್, ವೈರಿಂಗ್, ಒಳಾಂಗಣ, ನಾಲ್ಕಕ್ಕೂ ಬೇರೆ ಬೇರೆ ಬರೆಯಿರಿ.

ಪೀಣ್ಯ ಡಾಲ್ಫಿನ್

ಆ ಶೀಟಿನಲ್ಲಿ ಸಿಪಾನಿ ಡಾಲ್ಫಿನ್‌ಗೂ ಒಂದು ಹಾಳೆ ಇರಲಿ. ಬೆಂಗಳೂರಿನಲ್ಲೇ ಹುಟ್ಟಿದ ಕಾರು, ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರದ್ದು, ಬಾಡಿ ಪೂರ್ತಿ ಫೈಬರ್. ಬಾಡಿಗೆ ತುಕ್ಕಿನ ಕಾಲಮ್ ಬೇಕಿಲ್ಲ, ಬಿರುಕಿನ ಕಾಲಮ್ ಬೇಕು.

ಬಸವನಗುಡಿ ಗ್ಯಾರೇಜ್

ಚಾಸಿಸ್ ಕಬ್ಬಿಣದ್ದೇ. ಅದಕ್ಕೆ ತುಕ್ಕಿನ ಕಾಲಮ್ ಇರಲೇಬೇಕು.

ಪೀಣ್ಯ ಡಾಲ್ಫಿನ್

ಸರಿ, ಎರಡೂ ಇರಲಿ. ಯಾರ ಹತ್ತಿರವಾದರೂ ಡಾಲ್ಫಿನ್ ಜಾಹೀರಾತಿನ ಹಳೇ ಸ್ಕ್ರೀನ್‌ಶಾಟ್ ಇದ್ದರೆ ಕಳಿಸಿ, ಯಾವ ವರ್ಷದ್ದಾದರೂ ಪರವಾಗಿಲ್ಲ.

ಜಯನಗರದ ಹೆರಾಲ್ಡ್

ಹಾಳೆ ಸೇರಿಸಿದೆ. ಶೀಟಿನ ಲಿಂಕ್ ಬೇಕಾದವರು ಸಂದೇಶ ಕಳಿಸಿ, ಬರೆಯುವ ಅನುಮತಿ ಕೊಡುತ್ತೇನೆ. ಯಲಹಂಕದ ಗಾಡಿ ನೋಡಲು ಭಾನುವಾರ ಹೋಗುತ್ತಿದ್ದೇನೆ. ಗ್ಯಾರೇಜ್ ಅವರೇ, ಬಿಡುವಿದ್ದರೆ ಜೊತೆಗೆ ಬರ್ತೀರಾ?

ಬಸವನಗುಡಿ ಗ್ಯಾರೇಜ್

ಬರ್ತೀನಿ. ಬೆಳಿಗ್ಗೆ ಬೇಗ ಹೊರಡೋಣ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನಾವು ಬರುವ ಮುಂಚೆ ಬಿಸಿ ಮಾಡಿ ಇಡಬೇಡಿ ಅಂತ ಮಾಲೀಕರಿಗೆ ಹೇಳಿಡಿ.